ಬೇರೆ ಕಪ್ಪಿನ ಮಾತು

ಟೀಚರ್ ಬದುಕಿದ್ದ ಕೊನೆಯ ಭಾನುವಾರವೂ, ದೆಹಲಿ ಬಳಿಯ ಗ್ರೇಟರ್ ನೋಯ್ಡಾದಲ್ಲಿ ನಮ್ಮ ಪಕ್ಕದಲ್ಲೇ ಇದ್ದ ಅವರ ಫ್ಲ್ಯಾಟಿನಲ್ಲಿ ಮಕ್ಕಳು ಅವರ ಸುತ್ತ ಕೂತಿದ್ದರು. ಬೇಸಿಗೆ ರಜೆಯಲ್ಲಿ ಓದಿದ್ದ ಅಮೆರಿಕದ ಗುಲಾಮಗಿರಿಯ ಪುಸ್ತಕದ ಬಗ್ಗೆ ಒಬ್ಬೊಬ್ಬರೇ ಹೇಳುತ್ತಿದ್ದರು. ಯಾರು ಏನೇ ಹೇಳಿದರೂ ಟೀಚರ್ ಕನ್ನಡಕವನ್ನು ಹಣೆಗೇರಿಸಿ, "ಅಚ್ಛಾ, ಆಮೇಲೆ?" ಎನ್ನುವರು.

"ಆ ಜನಕ್ಕೆ ಪಾತ್ರೆ ಅಲಗ್, ಬೇರೇನೇ ಇಡ್ತಿದ್ರು," ಎಂದಳು ನನ್ನ ಮಗಳು. "ನಮ್ಮನೇಲೂ ಕೆಲಸದ ದೀದಿಗೆ ಕಪ್ ಅಲಗ್ ಇದೆ."

"ಚುಪ್!" ಎಂದೆ ನಾನು.

"ತಡೀಮ್ಮಾ, ಪುಸ್ತಕ ಓದಿದ್ದು ಅವಳು ತಾನೇ?" ಎಂದು ಟೀಚರ್ ಅವಳಿಗೆ ಇನ್ನೊಂದು ಚಕ್ಕುಲಿ ಕೊಟ್ಟರು. ನನಗೂ ಒಂದು ಕೊಟ್ಟರು.

ಮರುದಿನ ಬೆಳಿಗ್ಗೆ ದೀದಿಗೆ ನಮ್ಮ ಕಪ್ಪಿನಲ್ಲೇ ಚಹಾ ಕೊಟ್ಟೆ. ಸಂಜೆ ಟೀಚರಿಗೆ ಹೇಳೋಣವೆಂದುಕೊಂಡೆ. ಮಧ್ಯಾಹ್ನವೇ ಅವರಿಗೆ ಹೃದಯಾಘಾತವಾಯಿತು.

ದೀದಿ ಈಗ ನಮ್ಮ ಜೊತೆಯೇ ಕೂತು ಚಹಾ ಕುಡಿಯುತ್ತಾಳೆ. ಅದನ್ನು ಟೀಚರಿಗೆ ಹೇಳೋಣವೆಂದರೆ ಅವರಿಲ್ಲ.