ಅಣ್ಣನ ಕಲ್ಲಿನ ಮೇಲಿನ ಮಾತು

ನಮ್ಮ ದೊಡ್ಡಪ್ಪ ಸಮಾಧಿಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ನಮ್ಮ ಚರ್ಚಿನ ಸಭೆಯಲ್ಲಿ ಯಾರೇ ತೀರಿಕೊಂಡರೂ ಹೆಸರಿನ ಕೆಳಗೆ ‘ಮಹಿಮೆಗೆ ಸೇರಿದರು’ ಎಂದು ಬರೆಸುತ್ತಾರೆ. ಬದುಕಿರುವಾಗ ಅಣ್ಣತಮ್ಮಂದಿರ ನಡುವೆ ಬೆಂಕಿ ಹಚ್ಚಿ ಚಳಿ ಕಾಯಿಸಿಕೊಂಡವರಿಗೂ ಅದೇ ಮಾತು. ದೊಡ್ಡಪ್ಪ ತುಟಿ ಪಿಟಕ್ಕೆನ್ನದೆ ಕೆತ್ತುತ್ತಿದ್ದ. ಒಮ್ಮೆ ಮಾತ್ರ ಕೈತಪ್ಪಿ ‘ಮಹಿಳೆಗೆ ಸೇರಿದರು’ ಎಂದು ಕೆತ್ತಿ, ಸತ್ತವರ ಹೆಂಡತಿಯಿಂದ ಚೆನ್ನಾಗಿ ಉಗಿಸಿಕೊಂಡಿದ್ದ.

ಆಮೇಲೆ ಅವನ ಒಬ್ಬನೇ ಮಗ, ನನ್ನ ಅಣ್ಣ, ಕಲ್ಲು ತೆಗೆಯುವ ಕ್ವಾರಿಯ ನೀರಿನಲ್ಲಿ ಹೆಣವಾಗಿ ಸಿಕ್ಕ. ಕುಡಿತಕ್ಕೆ ಬಿದ್ದು, ಸಭೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ. ಕಾಲು ಜಾರಿತೋ, ತಾನೇ ಹಾರಿದನೋ, ನಮಗೆ ಗೊತ್ತಾಗಲಿಲ್ಲ. ಊರವರ ಬಾಯಿಗೆ ಮಾತ್ರ ಎಲ್ಲ ಗೊತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಮಗನ ಕಲ್ಲಿನ ಮೇಲೆ ದೊಡ್ಡಪ್ಪ ಹೆಸರು ಕೆತ್ತಿದ. ಕೆಳಗಿನ ಸಾಲಿಗೆ ಕೈ ಬರಲಿಲ್ಲ.

“ಗೊತ್ತಿಲ್ಲದ್ದನ್ನ ಕಲ್ಲಲ್ಲಿ ಹೇಗೆ ಬರೀಲಿ?” ಎಂದ. ಕಲ್ಲು ಅವನ ಕೆಲಸದ ಶೆಡ್ಡಿನ ಗೋಡೆಗೆ ಒರಗಿಯೇ ಉಳಿಯಿತು.

ಅಣ್ಣ ಇದ್ದಾಗ ಮರಳು, ನೀರು ಹಾಕಿ ಕಲ್ಲು ಉಜ್ಜಿ ನುಣುಪು ಮಾಡುವುದು ಅವನ ಕೆಲಸವಾಗಿತ್ತು. ಆ ಉಜ್ಜುವ ಸದ್ದು ಮತ್ತೆ ಶುರುವಾಯಿತು. ಮಟಮಟ ಮಧ್ಯಾಹ್ನ, ಖಾಲಿ ಶೆಡ್ಡಿನಿಂದ. ದೊಡ್ಡಪ್ಪ ಹೇಳಿದಾಗ ಅವನ ಭ್ರಮೆ ಎಂದುಕೊಂಡಿದ್ದೆ. ಒಂದು ದಿನ ನನಗೂ ಕೇಳಿಸಿತು. ಊಟದ ತಟ್ಟೆ ಬಿಟ್ಟು ಎದ್ದೆ. ಓಡಿಹೋಗಿ ನೋಡಿದರೆ ಯಾರೂ ಇಲ್ಲ. ಕಲ್ಲು ಮಾತ್ರ ಒದ್ದೆಯಾಗಿತ್ತು.

“ಅವನಿಗೆ ಎಲ್ಲೂ ಜಾಗ ಸಿಕ್ಕಿಲ್ಲ ಕಣಮ್ಮ,” ಎಂದ ದೊಡ್ಡಪ್ಪ. ನನಗೆ ಹೆದರಿಕೆಯಾಯಿತು, ಸದ್ದಿಗಿಂತ ಅವನ ಮುಖ ನೋಡಿ.

ದೊಡ್ಡಮ್ಮನಿಗೆ ತಾಳ್ಮೆ ಕಡಿಮೆ. “ನೀವು ಇಷ್ಟು ಜನಕ್ಕೆ ಕೆತ್ತಿದ್ರಲ್ಲ, ಅವರೆಲ್ಲ ತಮ್ಮ ಯೋಗ್ಯತೆ ಮೇಲೆ ಹೋದ್ರಾ? ಮಹಿಮೆ ನಮ್ಮ ಸಂಪಾದನೆ ಅಲ್ಲ ರೀ, ದೇವರದ್ದು. ಅದನ್ನ ಬಿಟ್ಟು ಇಳಿದು ಬಂದು ಶಿಲುಬೆ ಮೇಲೆ ಸತ್ತೋನು, ಆ ಕ್ವಾರಿ ನೀರಿಗೆ ಇಳಿಯೋಕೆ ಹೇಸ್ತಾನಾ? ಕೂಸಾಗಿದ್ದಾಗ ಮಗನ್ನ ಆ ದೇವರ ಕೈಗೇ ಒಪ್ಪಿಸಿದ್ವಲ್ಲ, ವಾಪಸ್ ಇಸ್ಕೊಂಡ್ರಾ?” ಎಂದಳು. ಹೇಳುತ್ತಲೇ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ದೊಡ್ಡಪ್ಪ ಮರುದಿನ ಬೆಳಗ್ಗೆ ಉಳಿ ಹಿಡಿದ. ಸಂಜೆ ಕಲ್ಲನ್ನು ಸಮಾಧಿಯ ಮೇಲೆ ನಿಲ್ಲಿಸಿದೆವು. ಪಾಸ್ಟರು ಓದಿ, ನನ್ನನ್ನು ಪಕ್ಕಕ್ಕೆ ಕರೆದರು.

“‘ಸೇರಿದನು’ ಅಂತ ಇರ್ಬೇಕಿತ್ತಲ್ಲಮ್ಮ. ‘ಮಹಿಮೆಗೆ ಸೇರಿದವನು’ ಅಂತ ಆಗಿದೆ. ಒಂದಕ್ಷರ ಜಾಸ್ತಿ. ಪಾಪ, ದುಃಖದಲ್ಲಿ ಗಮನಿಸಿಲ್ಲ.”

ದೊಡ್ಡಪ್ಪನಿಗೆ ಕೇಳಿಸಿತು.

“ಗಮನಿಸಿಯೇ ಬರೆದೆ ಪಾಸ್ಟ್ರೇ. ಹೋಗಿ ಮುಟ್ಟಿದ್ನಾ ಅಂತ ನಾನು ಕಂಡಿಲ್ಲ. ಯಾರ ಕಡೆಯವನು ಅಂತ ಮಾತ್ರ ಗೊತ್ತು.”