ಪಟ್ಟಿ ಬೆಳ್ಳಗಾಗುವ ಹೊತ್ತು

ಲುಂಬಿನಿ ನಾಲವಾರದವಳು. ವಾಡಿಯ ಹತ್ತಿರ ಸಿಮೆಂಟ್ ಚೀಲ ನೇಯುವ ಕಾರ್ಖಾನೆಯೊಂದರಲ್ಲಿ ಅವಳಿಗೆ ಪರೀಕ್ಷಾ ಕೋಣೆಯ ಕೆಲಸ. ಪ್ಲಾಸ್ಟಿಕ್ ಕಾಳು ಕರಗಿಸಿ ಹಾಳೆ ಮಾಡಿ, ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಬಿಸಿಯಲ್ಲಿ ಎಳೆದು ಮಗ್ಗಕ್ಕೆ ಕೊಡುತ್ತಿದ್ದರು. ಅಂಥ ಪಟ್ಟಿಯನ್ನು ಯಂತ್ರದ ಎರಡು ಹಿಡಿಗಳಿಗೆ ಕಚ್ಚಿಸಿ, ಹರಿಯುವ ತನಕ ಜಗ್ಗಿ, ಎಷ್ಟು ಭಾರ ತಡೆಯಿತೆಂದು ಬರೆದು ಸಹಿ ಹಾಕುವುದು ಅವಳ ದಿನದ ಕೆಲಸ. ಡಿಪ್ಲೊಮಾ ಮುಗಿಸಿ ಬಂದ ಹೊಸದರಲ್ಲಿ ಆ ಸಹಿ ಹಾಕುವಾಗ ಅವಳಿಗೆ ಭಾರಿ ಹೆಮ್ಮೆ.

ಆ ಹೆಮ್ಮೆ ಇಂಗಿದ್ದು ಬೇಸಿಗೆಯ ಮೊದಲಿಗೆ. ವಿಭಾಗದ ಮುಖ್ಯಸ್ಥ ಕಾಶೀನಾಥ ಒಂದು ಪಟ್ಟಿಯ ಸುರುಳಿ ತಂದು ಅವಳ ಮೇಜಿನ ಮೇಲಿಟ್ಟ.

"ಇನ್ನ ಮ್ಯಾಲ ಇದರಾಗಿಂದೇ ಕತ್ತರಿಸಿ ಜಗ್ಗು."

"ಮಗ್ಗದಾಗಿನ ಪಟ್ಟಿ ಬ್ಯಾಡೇನ್ರಿ, ಸರ್?"

"ಹೇಳಿದಷ್ಟು ಮಾಡು. ಭಾಳ ಶ್ಯಾಣ್ಯಾಕಿ ಆಗಬ್ಯಾಡ."

ಸುರುಳಿಯ ಪಟ್ಟಿ ಗಟ್ಟಿಯಾಗಿತ್ತು. ಮಗ್ಗಕ್ಕೆ ಹೋಗುವ ಪಟ್ಟಿಯಲ್ಲಿ ಮಾತ್ರ ಖರ್ಚು ಉಳಿಸಲೆಂದು ಸುಣ್ಣದಕಲ್ಲಿನ ಪುಡಿ ಬೆರಕೆ ಹೆಚ್ಚಾಗಿತ್ತು. ಬೆರಳಲ್ಲಿ ಎಳೆದರೆ ಸಾಕು, ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತಿತ್ತು. ಲುಂಬಿನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮೂರು ತಿಂಗಳು ಸುರುಳಿಯನ್ನೇ ಜಗ್ಗಿದಳು, ಸಹಿ ಹಾಕಿದಳು.

ಮೇ ತಿಂಗಳಲ್ಲಿ ಆ ಪಟ್ಟಿಯಿಂದ ನೇಯ್ದ ಚೀಲವೊಂದು ಬಂದೇಅಲಿಯ ಹೆಗಲ ಮೇಲೆ ಒಡೆಯಿತು. ಇಪ್ಪತ್ತೆರಡು ವರ್ಷದಿಂದ ವಾಡಿಯಲ್ಲಿ ಗೂಡ್ಸ್ ವ್ಯಾಗನ್ನಿಗೆ ಸಿಮೆಂಟ್ ತುಂಬಿದ ಹಮಾಲ ಆತ. ಬೆವರಿದ ಮುಖದ ಮೇಲೆ ಸಿಮೆಂಟ್ ಸುರಿದು ಎರಡೂ ಕಣ್ಣು ಸುಟ್ಟವು. ಆಸ್ಪತ್ರೆಯಿಂದ ಹೊರಬಂದಾಗ ಬಲಗಣ್ಣು ಮಸುಕು, ಎಡಗಣ್ಣು ಪೂರ್ತಿ ಹೋಗಿತ್ತು. ಆತನ ಕೈಗೆ ಬಂದದ್ದು ಸಿಮೆಂಟ್ ಕಾರ್ಖಾನೆಯ ಒಂದು ನೋಟೀಸು: ನಿಷೇಧವಿದ್ದರೂ ಕಬ್ಬಿಣದ ಕೊಕ್ಕೆ ಹಾಕಿ ಚೀಲ ಎಳೆದಿದ್ದೀ, ಅದಕ್ಕೇ ಹರಿದಿದೆ, ನಾಳೆಯಿಂದ ಬರಬೇಡ.

ಒಡೆದ ಚೀಲ ತನಿಖೆಗೆಂದು ಲುಂಬಿನಿಯ ಮೇಜಿಗೆ ಬಂತು. "ಕೊಕ್ಕೀಲೆ ಹರದದ ಅಂತ ಬರದು ಬಿಡು, ಎರಡ ಸಾಲು," ಎಂದು ಕಾಶೀನಾಥ ಹೇಳಿ ಚಹಾಕ್ಕೆ ಹೋದ.

ಅವಳು ಬರೆಯಲಿಲ್ಲ. ಹರಿದ ಅಂಚಿನಿಂದ ನಾಲ್ಕು ಪಟ್ಟಿ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕೊಕ್ಕೆ ಚುಚ್ಚಿದ್ದರೆ ಒಂದೇ ಕಡೆ ತೂತು ಬೀಳಬೇಕು, ಅದರಾಚೆ ಪಟ್ಟಿ ಸ್ವಚ್ಛ ಇರಬೇಕು. ಇಲ್ಲಿ ಹರಿದ ಜಾಗದಿಂದ ಗೇಣುದ್ದ ದೂರದವರೆಗೂ ಪಟ್ಟಿ ಬೆಳ್ಳಗಾಗಿತ್ತು. ಆಮೇಲೆ ಮಗ್ಗದಿಂದ ಹೊಸ ಪಟ್ಟಿ ತಂದು, ಸ್ಕ್ರೂ ತಿರುವಿ ಜಗ್ಗುವ ಪುಟ್ಟ ಹಿಡಿಕೆಗೆ ಕಚ್ಚಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಕೂತಳು. ಒಂದು ಸುತ್ತು ತಿರುವಿದಳು. ಏನೂ ಆಗಲಿಲ್ಲ. ಇನ್ನೊಂದು ಸುತ್ತಿಗೆ ಸುಣ್ಣದ ಒಂದೊಂದು ಕಣವೂ ಪ್ಲಾಸ್ಟಿಕ್ಕಿನ ಹಿಡಿತ ಬಿಟ್ಟು, ಅದರ ಎರಡೂ ತುದಿಗೆ ಸಣ್ಣ ಪೊಳ್ಳು ಬಾಯಿ ತೆರೆಯಿತು. ಜಗ್ಗಿದಂತೆ ಪೊಳ್ಳುಗಳು ಉದ್ದವಾದವು, ಪಕ್ಕದ ಪೊಳ್ಳನ್ನು ಮುಟ್ಟಿದವು. ನಡುವೆ ಉಳಿದದ್ದು ಜೇಡರ ಬಲೆಯ ನೂಲಿಗಿಂತ ತೆಳ್ಳನೆಯ ಎಳೆಗಳು. ಅವು ಹಿಗ್ಗಿದವು, ಸಣಕಲಾದವು, ಒಂದೊಂದಾಗಿ ಕಡಿದವು. ಹೊರಗಿನ ಬರಿಗಣ್ಣಿಗೆ ಇಷ್ಟೂ ಹೊತ್ತು ಪಟ್ಟಿ ಬೆಳ್ಳಗಾಯಿತು ಅಷ್ಟೇ. ಆಮೇಲೆ ಒಮ್ಮೆಲೇ ಫಟ್ ಎಂದಿತು.

ಅವಳಿಗೆ ಹುಳ ಬಿದ್ದ ಹಣ್ಣನ್ನು ತಾನೇ ತೊಳೆದು ಒರೆಸಿ ಮತ್ತೊಬ್ಬರ ತಟ್ಟೆಗಿಟ್ಟಂತೆ ಅನ್ನಿಸಿತು.

ಮನೆಗೆ ಬಂದವಳು ಸೋಪು ಹಚ್ಚಿ ಹಚ್ಚಿ ಕೈ ತೊಳೆಯುವುದನ್ನು ತಾಯಿ ಹಣಮವ್ವ ನೋಡಿದಳು.

"ಏನ್ ಮುಟ್ಟಿ ಬಂದೀಯವ್ವಾ?"

"ಪೆನ್ನು," ಎಂದಳು ಲುಂಬಿನಿ.

ಮರುದಿನ, ಸೂಕ್ಷ್ಮದರ್ಶಕದಲ್ಲಿ ತೆಗೆದ ಪಟ್ಟಿಗಳ ಫೋಟೋಗಳನ್ನು ಕಾಶೀನಾಥನ ಮುಂದಿಟ್ಟಳು. ಆತ ಹಲ್ಲಿಗೆ ಸಿಕ್ಕ ಅಡಿಕೆ ಚೂರನ್ನು ಉಗುರಲ್ಲಿ ಕೆದಕುತ್ತ ನೋಡಿದ.

"ಇಷ್ಟು ಸಣ್ಣದು ಯಾರಿಗಿ ಕಾಣ್ತದ?"

"ಆ ಚಾಚಾನ ಕಣ್ಣು ಹೋಗ್ಯಾವ್ರಿ, ಸರ್. ಅದು ಎಲ್ಲಾರಿಗಿ ಕಾಣ್ತದ."

"ಹಮಾಲರ ಕಣ್ಣು ಇವತ್ತಲ್ಲ ನಾಳೆ ಹೋಗೂವೇ. ಹತ್ತು ವರ್ಷದಾಗ ಧೂಳೇ ತಿಂತದ," ಎಂದು ನಕ್ಕ. "ಮತ್ತ ರಿಪೋರ್ಟಿನಾಗ ಸಹಿ ಯಾರದದ? ನಂದೋ, ನಿಂದೋ?"

ಅವಳು ಫೋಟೋಗಳನ್ನು ಬಾಚಿಕೊಂಡು ಹೊರಬಂದಳು.

ಮುಂದಿನ ವಾರ ಸಿಮೆಂಟ್ ಕಾರ್ಖಾನೆಯಲ್ಲಿ ವಿಚಾರಣೆ. ಬಂದೇಅಲಿ ಕಪ್ಪು ಕನ್ನಡಕ ಹಾಕಿ ಹೆಂಡತಿ ಹಮೀದಾಬೇಗಂಳ ಕೈ ಹಿಡಿದು ಬಂದಿದ್ದ. ಚೀಲ ಪರೀಕ್ಷಿಸಿದವಳೆಂದು ಕರೆಸಿದ್ದ ಲುಂಬಿನಿ ಸರದಿ ಬಂದಾಗ ಎದ್ದು ನಿಂತು ಎರಡು ಪಟ್ಟಿ ತೋರಿಸಿದಳು. ಒಂದಕ್ಕೆ ಅವಳೇ ಕೊಕ್ಕೆ ಚುಚ್ಚಿದ್ದಳು, ಇನ್ನೊಂದು ಒಡೆದ ಚೀಲದ್ದು. ಅಧಿಕಾರಿಗಳ ಕೈಗೇ ಮಗ್ಗದ ಪಟ್ಟಿ ಕೊಟ್ಟು ಜಗ್ಗಿಸಿದಳು. ಅವರ ಬೆರಳ ನಡುವೆಯೇ ಅದು ಬೆಳ್ಳಗಾಗಿ ಹರಿಯಿತು. ಆಮೇಲೆ ಸುರುಳಿಯ ಕಥೆ ಹೇಳಿದಳು.

"ಮೂರು ತಿಂಗಳ ರಿಪೋರ್ಟ್ ಸುಳ್ಳ ಅವ. ಬರದಾಕಿ ನಾನೇ."

ಕಾಶೀನಾಥ, "ಈಕಿಗಿ ತಲಿ ಸರಿ ಇಲ್ರಿ," ಎಂದು ಏನೇನೋ ಹೇಳಿದ. ಯಾರೂ ಅವನತ್ತ ನೋಡಲಿಲ್ಲ.

ನೋಟೀಸು ರದ್ದಾಯಿತು. ಬಂದೇಅಲಿಗೆ ಗೇಟಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಸುಣ್ಣ ಬೆರೆತ ಪಟ್ಟಿಯ ಚೀಲಗಳ ರಾಶಿ ವಾಪಸು ಹೋಯಿತು. ಕಾಶೀನಾಥನನ್ನು ಚೀಲದ ಕಂಪನಿ ಬೇರೆ ಊರಿನ ಘಟಕಕ್ಕೆ ಕಳಿಸಿತು, ಅದೂ ಅದೇ ಹುದ್ದೆಗೆ. ಲುಂಬಿನಿಯನ್ನು ಮಾತ್ರ ತೆಗೆದುಹಾಕಿತು.

ವಿಚಾರಣೆ ಮುಗಿದ ದಿನ ಅವಳು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ ಬಂದೇಅಲಿಯ ಹತ್ತಿರ ಹೋಗಿದ್ದಳು. ಹಮೀದಾಬೇಗಂ ಅವಳ ಕೈ ಹಿಡಿದು ಅತ್ತಳು. ಬಂದೇಅಲಿ ಅಳಲಿಲ್ಲ.

"ಬೇಟೀ, ಮೂರು ತಿಂಗಳ ಹಿಂದೇ ನಿಂಗ ಗೊತ್ತಿತ್ತೇನು?"

"ಹೌದ್ರಿ, ಚಾಚಾ."

ಆತ ಪಕ್ಕಕ್ಕೆ ತಿರುಗಿ ನೆಲಕ್ಕೆ ಉಗಿದ. "ಥೂ," ಎಂದಷ್ಟೇ ಅಂದು ಹೆಂಡತಿಯ ಭುಜ ಹಿಡಿದು ನಡೆದ. ಲುಂಬಿನಿ ಅವರಿಬ್ಬರೂ ಗೇಟು ದಾಟುವ ತನಕ ಅಲ್ಲೇ ನಿಂತಿದ್ದಳು. ಆತ ಉಗಿದದ್ದು ತನಗೂ ಸೇರಿಯೇ ಎಂದು ಅವಳಿಗೆ ಗೊತ್ತಿತ್ತು, ತಪ್ಪೆನ್ನಿಸಲಿಲ್ಲ.