ತೊಡೆಯ ಮೇಲಿನ ಲಗೇಜಿಗೆ ತೂಕವಿಲ್ಲ

ನಿಮ್ಮ ತೂಕ ಎಷ್ಟು? ಥಟ್ಟನೆ ಹೇಳಿ ನೋಡೋಣ.

ನೀವು ಈಗ ಹೇಳಿದ್ದು ನಿಮ್ಮ ಮದುವೆಯ ವರ್ಷದ ತೂಕ. ನನಗೆ ಗೊತ್ತು. ಕಳೆದ ವಾರ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಪೈಲಟ್ ಒಬ್ಬರು ಇದೇ ಪ್ರಶ್ನೆ ಕೇಳಿದಾಗ ನಮ್ಮಲ್ಲಿ ಒಬ್ಬರೂ ನಿಜ ಹೇಳಲಿಲ್ಲ. (ನಾನು ಎಷ್ಟು ಹೇಳಿದೆ ಎಂಬುದು ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ.)

ವಿಮಾನ ಯಾರದು ಎನ್ನುತ್ತೀರಾ? ನನ್ನದಂತೂ ಅಲ್ಲ. ಶಿವಬಸವ ನಗರದಲ್ಲಿ ನಮ್ಮ ಪಕ್ಕದ ಮನೆಯ ಈರಪ್ಪ ಸಾವ್ಕಾರರಿಗೆ ಖಾನಾಪುರದಲ್ಲಿ ಅಕ್ಕಿ ಗಿರಣಿ ಇದೆ. ಅವರಿಗೆ ಪರಿಚಯವಿದ್ದ ಹೈದರಾಬಾದಿನ ಕಂಪನಿಯೊಂದರ ದೊಡ್ಡ ಮನುಷ್ಯರು ಸ್ವಂತ ಪುಟ್ಟ ವಿಮಾನದಲ್ಲಿ ಬೆಳಗಾವಿಗೆ ಬಂದಿಳಿದರು. ಅವರು ಕೆಲ ದಿನ ಇಲ್ಲೇ ಉಳಿಯುತ್ತಾರೆ, ವಿಮಾನ ಮಾತ್ರ ಖಾಲಿ ವಾಪಸ್ ಹೋಗುತ್ತದೆ ಎಂಬ ಸುದ್ದಿ ಸಾವ್ಕಾರರ ಕಿವಿಗೆ ಬಿತ್ತು. ರಿಟರ್ನ್ ಲೋಡ್ ಇಲ್ಲದೆ ಲಾರಿ ಖಾಲಿ ಬಂದರೇ ಅವರಿಗೆ ಊಟ ಸೇರುವುದಿಲ್ಲ. ಇನ್ನು ವಿಮಾನವೇ ಖಾಲಿ ಹೋದರೆ?

ಮೇಲಾಗಿ ಮರುದಿನ ಬೆಳಿಗ್ಗೆ ಹೈದರಾಬಾದಿನಲ್ಲಿ ಅವರ ಮಗಳ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿ. ತವರಿನ ಬುತ್ತಿ ಬೀಗರ ಮನೆ ತಲುಪಲೇಬೇಕು. ರೈಲಿನ ಟಿಕೆಟ್ ರದ್ದು ಮಾಡಿಸಿ, ಕಂಪನಿಯವರಿಗೆ ಫೋನ್ ಹಚ್ಚಿ, ನಾಲ್ಕು ಸೀಟು ಗಿಟ್ಟಿಸಿದರು. ತಮಗೆ, ಹೆಂಡತಿ ಶಾಂತಕ್ಕನಿಗೆ, ಬೀಡಿ ಎಂಬ ಹಳ್ಳಿಯಿಂದ ಬಂದಿದ್ದ ತಮ್ಮ ಅಕ್ಕ ಗಂಗವ್ವನಿಗೆ, ಮತ್ತು ನನಗೆ. ನಾನೇಕೆ? ವಿಮಾನದಲ್ಲಿ ಹೋದದ್ದನ್ನು ಯಾರಾದರೂ ಪೇಪರಿನಲ್ಲಿ ಬರೆಯಬೇಡವೇ?

ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನ. ವಿಮಾನ ನೋಡಿ ನನ್ನ ಎದೆ ಧಸಕ್ಕೆಂದಿತು. ಎರಡು ಇಂಜಿನ್, ಆರು ಸೀಟು, ರೆಕ್ಕೆ ಹಚ್ಚಿದ ಟೆಂಪೋ. ಸಾವ್ಕಾರರ ಜೀಪಿನಿಂದ ಇಳಿದದ್ದು ಶೇಂಗಾ ಹೋಳಿಗೆಯ ಬುಟ್ಟಿ, ಕರ್ಚಿಕಾಯಿ ಬುಟ್ಟಿ, ಉಂಡೆಯ ಡಬ್ಬಿಗಳು, ಖಡಕ್ ರೊಟ್ಟಿಯ ಗಂಟು, ಕುಂದಾ, ಹಸಿರು ಸೀರೆ-ಬಳೆಗಳ ಟ್ರಂಕು, ಸ್ವಂತ ಗಿರಣಿಯ ಅಕ್ಕಿ ಚೀಲ ಮತ್ತು ಖಾನಾಪುರದ ಎರಡು ಹಲಸಿನ ಹಣ್ಣು. (ಮಗಳಿಗೆ ಬಯಕೆಯಂತೆ. ಒಂದರಲ್ಲಿ ತೀರದ ಬಯಕೆ.)

ಕ್ಯಾಪ್ಟನ್ ಧಾರವಾಡದ ಕಡೆಯವರು, ಸಣಕಲು ಮನುಷ್ಯ. ಒಬ್ಬೊಬ್ಬರದೇ ತೂಕ ಕೇಳಿದರು. ಸಾವ್ಕಾರರು ಎಪ್ಪತ್ತು ಎಂದರು. ಶಾಂತಕ್ಕ ಗಂಡನ ಹೊಟ್ಟೆಯತ್ತ ಒಮ್ಮೆ ನೋಡಿದರು. ಕ್ಯಾಪ್ಟನ್ನರಿಗೂ ಅನುಮಾನ ಬಂದಿರಬೇಕು, ಆದರೆ ಹಿರಿಯರ ಮಾತೆಂದು ನಂಬಿದರು. ಲೆಕ್ಕ ಹಾಕಿ, ಹಿಂದೆ ತುರುಕಿದ್ದ ಅಕ್ಕಿ, ಹಲಸು, ದೊಡ್ಡ ಬುಟ್ಟಿಗಳನ್ನು ಕೆಳಗಿಳಿಸಿ ಎಂದು ಹೇಳಿ, ವಿಮಾನದ ಸುತ್ತ ತಪಾಸಣೆಗೆ ಹೊರಟರು.

ತಿರುಗಿ ಬಂದು ಒಳಗೆ ಇಣುಕಿದರೆ ಗಂಗವ್ವನ ತೊಡೆಯ ಮೇಲೆ ಕರ್ಚಿಕಾಯಿ. ಶಾಂತಕ್ಕನ ತೊಡೆಯ ಮೇಲೆ ಹೋಳಿಗೆ. ಸಾವ್ಕಾರರ ಅಪ್ಪುಗೆಯಲ್ಲಿ ಅಕ್ಕಿ ಚೀಲ. ನನ್ನ ಮಡಿಲಲ್ಲಿ ಮುಳ್ಳು ಚುಚ್ಚುತ್ತಿದ್ದ ಜೋಡಿ ಹಲಸು. ಇಳಿಸಿ ಎಂದಿದ್ದೆನಲ್ಲ ಎಂದರು ಕ್ಯಾಪ್ಟನ್.

ಗಂಗವ್ವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಲಗೇಜ್ ಎಲ್ಲೈತೋ ಯಪ್ಪಾ? ಎಲ್ಲಾ ತೊಡಿ ಮ್ಯಾಲ ಐತಿ."

ಖಾನಾಪುರ–ಬೆಳಗಾವಿ ಬಸ್ಸಿನ ಕಾನೂನು ಅದು. ಟಾಪಿನ ಮೇಲೆ ಹಾಕಿದರೆ ಲಗೇಜು, ಅದಕ್ಕೆ ಚಾರ್ಜು. ತೊಡೆಯ ಮೇಲಿಟ್ಟುಕೊಂಡರೆ ಅದು ನಿಮ್ಮ ದೇಹದ ಭಾಗ. ಪೀರನವಾಡಿ ಬರುವಷ್ಟರಲ್ಲಿ ಬಸ್ಸು ಒಂದು ಕಡೆ ವಾಲಿದರೂ ಕಂಡಕ್ಟರ್ ಅಡ್ಜಸ್ಟ್ ಮಾಡಿಕೊಳ್ಳಿ ಎನ್ನುತ್ತಾನೆ. ನಾವು ಮಾಡಿಕೊಳ್ಳುತ್ತೇವೆ. ಸ್ಕೂಟರಿನಲ್ಲಿ ಇಡೀ ಸಂಸಾರ, ಟೆಂಪೋದಲ್ಲಿ ಇಡೀ ದಿಬ್ಬಣ. ಈ ದೇಶದಲ್ಲಿ ಭಾರ ಎಂಬುದು ಬರೀ ಮನಸ್ಸಿನ ಭಾವನೆ.

ವಿಮಾನಕ್ಕೆ ಈ ಸಂಸ್ಕೃತಿ ತಿಳಿದಿಲ್ಲ. ಕ್ಯಾಪ್ಟನ್ ತಾಳ್ಮೆಯಿಂದ ವಿವರಿಸಿದರು. ಬೆಳಗಾವಿ ಎತ್ತರದ ಊರು, ಸಾಲದ್ದಕ್ಕೆ ಈ ಬಿಸಿಲು. ಗಾಳಿ ತೆಳುವಾಗಿ ಇಂಜಿನ್ನಿಗೂ ರೆಕ್ಕೆಗೂ ಬಲ ಕಡಿಮೆ. ನೆಲ ಬಿಡಲು ಹೆಚ್ಚು ದೂರ ಓಡಬೇಕು. ಎದ್ದ ಮೇಲೆ ಒಂದು ಇಂಜಿನ್ ಕೈಕೊಟ್ಟರೆ ಇನ್ನೊಂದರ ಬಲದಲ್ಲೇ ಏರುವಷ್ಟು ಹಗುರವಾಗಿರಬೇಕು. ಹಿಂದೆ ಭಾರ ಹೆಚ್ಚಾದರೆ ಮೂತಿ ಮೇಲೆದ್ದು ವಿಮಾನ ಪೈಲಟ್ಟಿನ ಮಾತೇ ಕೇಳುವುದಿಲ್ಲ.

ನಾನು ಸಾವ್ಕಾರರಿಗೆ ಎತ್ತಿನ ಬಂಡಿಯನ್ನು ನೆನಪಿಸಿದೆ. ಹಿಂದೆ ಹೇರಿದರೆ ನೊಗ ಮೇಲೇಳುತ್ತದಲ್ಲ, ಹಾಗೆ. ಬಂಡಿಗೆ ಎತ್ತು, ಇದಕ್ಕೆ ಇಂಜಿನ್ ಎಂದು ಅವರು ನನಗೇ ತಿಳಿಹೇಳಿದರು. ಬೇಕಾದರೆ ಎಣ್ಣೆ ಸ್ವಲ್ಪ ಕಮ್ಮಿ ಹಾಕಲಿ ಎಂಬ ಸಲಹೆಯನ್ನೂ ಕೊಟ್ಟರು. (ಉಳಿದ ದಾರಿ ತಳ್ಳಿಕೊಂಡು ಹೋಗಬಹುದು.)

ಬುತ್ತಿ ಇಳಿಯಬೇಕು, ಇಲ್ಲವೇ ಜನ ಇಳಿಯಬೇಕು ಎಂದರು ಕ್ಯಾಪ್ಟನ್. ಶಾಂತಕ್ಕನ ಕಣ್ಣು ತುಂಬಿತು. ಅತ್ತ ರೈಲೂ ತಪ್ಪಿಹೋಗಿತ್ತು.

"ಬರಿಗೈಲೆ ಹೋದ್ರ ಬೀಗರ ಮನ್ಯಾಗ ನನ್ನ ಮಗಳು ತಲಿ ಎತ್ತೂದು ಹೆಂಗ್ರಿ? ನೀವ ಇಳೀರಿ." ಹೇಳಿದ್ದು ಕ್ಯಾಪ್ಟನ್ನರಿಗಲ್ಲ, ಗಂಡನಿಗೆ.

ಸಾವ್ಕಾರರು ಇಳಿದರು. ಇಳಿಯದೆ ಏನು ಮಾಡುತ್ತಾರೆ? ಆದರೆ ಕ್ಯಾಪ್ಟನ್ ಮತ್ತೆ ಲೆಕ್ಕ ಹಾಕಿ ತಲೆಯಲ್ಲಾಡಿಸಿದರು. ಎಪ್ಪತ್ತು ಕಿಲೋದ ಮನುಷ್ಯ ಇಳಿದರೆ ಎಪ್ಪತ್ತು ಕಿಲೋ ಜಾಗವಷ್ಟೇ ಸಿಗುತ್ತದೆ. ಬುಟ್ಟಿಗಳು, ಅಕ್ಕಿ ಹತ್ತಬಹುದು, ಹಲಸು ಇಲ್ಲೇ ಉಳಿಯುತ್ತದೆ. ಮಗಳು ಬಯಸಿದ ಹಲಸು.

ಸಾವ್ಕಾರರು ಹೆಂಡತಿಯ ಮುಖ ನೋಡಿದರು.

"ಎಪ್ಪತ್ತಲ್ರಿ ಸಾಹೇಬ್ರ. ತೊಂಬತ್ತೆಂಟು."

ಕ್ಯಾಪ್ಟನ್ನರ ಮುಖ ಬಿಳಿಚಿಕೊಂಡಿತು. ಅವರು ಈ ತನಕ ಹಾಕಿದ ಲೆಕ್ಕವೆಲ್ಲ ನಮ್ಮ ಮರ್ಯಾದೆಯ ಮೇಲೆ ನಿಂತಿತ್ತು. ನಮ್ಮನ್ನೆಲ್ಲ ಲಗೇಜು ತೂಗುವ ಕಾಟಾದ ಬಳಿ ಕರೆದೊಯ್ದರು. ಜೀವಮಾನವಿಡೀ ಊರವರ ಅಕ್ಕಿ ತೂಗಿದ ಸಾವ್ಕಾರರು ಕಾಟಾದ ಮೇಲೆ ತಾವೇ ನಿಂತರು. ಮುಳ್ಳು ತೊಂಬತ್ತೆಂಟನ್ನೂ ದಾಟಿತು. ಗಂಗವ್ವ ಸೊಂಟದ ಡಾಬು ಬಿಚ್ಚಲು ಒಪ್ಪಲಿಲ್ಲ. ನನ್ನ ಸರದಿ ಮುಗಿಯುತ್ತಲೇ ಕ್ಯಾಪ್ಟನ್ ನನ್ನನ್ನೂ ಇಳಿಸಿದರು. ಹೆಚ್ಚು ವಿವರ ಬೇಡ.

ಕಡೆಗೆ ಹೊರಟದ್ದು ಇಬ್ಬರು ಹೆಣ್ಣುಮಕ್ಕಳು ಮತ್ತು ಬುತ್ತಿ. ಸಾವ್ಕಾರರ ಸೀಟಿನಲ್ಲಿ ಅಕ್ಕಿ ಚೀಲ, ನನ್ನ ಸೀಟಿನಲ್ಲಿ ಹಲಸು, ಬೆಲ್ಟು ಬಿಗಿದುಕೊಂಡು ಗಂಭೀರವಾಗಿ ಕುಳಿತಿದ್ದವು.

ನಾವಿಬ್ಬರೂ ಬೇಲಿಯ ಬಳಿ ನಿಂತೆವು. ವಿಮಾನ ಓಡಿತು. ನಾನು ಅಂದುಕೊಂಡದ್ದಕ್ಕಿಂತ ಬಹಳ ದೂರ ಓಡಿತು. ನೆಲ ಬಿಟ್ಟ ಮೇಲೂ ಅವಸರವಿಲ್ಲದೆ ಏರುತ್ತ ದೂರದ ಮರಗಳನ್ನು ದಾಟಿತು. ನಮ್ಮಿಬ್ಬರನ್ನೂ ನಮ್ಮ ಸುಳ್ಳಿನ ಕಿಲೋಗಳನ್ನೂ ಹೊತ್ತಿದ್ದಾಗ ಒಂದು ಇಂಜಿನ್ ಕೆಮ್ಮಿದ್ದರೆ ವಿಮಾನ ಆ ಮರಗಳನ್ನು ದಾಟುತ್ತಿತ್ತೇ? ನನಗೆ ನಿಜಕ್ಕೂ ಭಯವಾಯಿತು. ಸಾವ್ಕಾರರು ಆಕಾಶ ನೋಡುತ್ತ ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು. ಪಾಪ, ಮನುಷ್ಯ ಪಾಠ ಕಲಿತ ಎಂದುಕೊಂಡು ನಾನು ಅವರ ಹೆಗಲ ಮೇಲೆ ಕೈಯಿಟ್ಟೆ.

"ನೋಡಿದ್ರಿಲ್ಲೋ, ಎಷ್ಟು ಹಗುರಕ್ಕ ಎದ್ದು ಹೋತು," ಎಂದರು. "ಇನ್ನೂ ಒಬ್ರು ಆರಾಮ ಹಿಡಸ್ತಿದ್ರು."